ಭೋಜ ಶೆಟ್ಟರಿಗೆ ಹಾಕಿದ ಎಲೆ

ಬಸುರಿಗೆ ಗಂಜಿ ತಿಳಿ, ಸತ್ತವರಿಗೆ ಕೋರಿ ರೊಟ್ಟಿ. ಇದು ನರಿಕೊಂಬಿನ ಶಶಿಪ್ರಭಾ ಶೆಡ್ತಿಯವರ ಮನೆಯ ನ್ಯಾಯ. ಸೊಸೆ ಸುರಕ್ಷಾಳಿಗೆ ಏಳು ತಿಂಗಳು. ರಕ್ತದಲ್ಲಿ ಸಕ್ಕರೆ ತುಸು ಹೆಚ್ಚಿದೆ, ಸ್ವಲ್ಪ ಸ್ವಲ್ಪವೇ ದಿನಕ್ಕೆ ಆರು ಸಲ ತಿನ್ನಬೇಕು ಎಂದಿದ್ದರು ಬಂಟ್ವಾಳದ ಡಾಕ್ಟರಮ್ಮ. ಅತ್ತೆ ಅದರಲ್ಲಿ ‘ಸ್ವಲ್ಪ’ವನ್ನು ಮಾತ್ರ ಮನೆಗೆ ತಂದರು, ಆರು ಸಲವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದರು. ಗಂಡ ರೋಹಿತನೋ, ದುಬೈಯಿಂದ ವಿಡಿಯೋ ಕಾಲ್ ಮಾಡಿ, ಮುಖ ಊದಿದ ಹಾಗೆ ಉಂಟಲ್ಲ ಎಂದ. ಮಹಾ ಸುಂದರಾಂಗ! ಅವನ ಹೊಟ್ಟೆ ಮೊಬೈಲಿನಲ್ಲಿ ಕಾಣುತ್ತಿರಲಿಲ್ಲ, ಪುಣ್ಯ.

ಬಾಯಿ ಕಟ್ಟುವುದೆಂದರೆ ನಮ್ಮ ಸುರಕ್ಷಾಳ ಹಾಗೆ ಕಟ್ಟಬೇಕು ಎಂದು ಅತ್ತೆ ಪಾಣೆಮಂಗಳೂರು ಪೇಟೆಯವರೆಗೂ ಡಂಗುರ ಸಾರಿದರು. ಹೊಗಳಿಕೆಗೆ ಇವಳೂ ಉಬ್ಬಿ, ಕೊಟ್ಟ ಎರಡು ಸೌಟು ಗಂಜಿಯಲ್ಲಿ ಒಂದನ್ನು ಬೇಡವೆಂದಳು. ರಾತ್ರಿ ಮಾತ್ರ ಎಲ್ಲರೂ ಮಲಗಿದ ಮೇಲೆ ತಳದ ಅನ್ನ, ತಣ್ಣಗಿನ ಮೀನು ಸಾರು, ಡಬ್ಬದ ಬೆಲ್ಲ, ಸಿಕ್ಕಿದ್ದನ್ನೆಲ್ಲ ನಿಂತುಕೊಂಡೇ ಬಾಯಿಗೆ ತುರುಕುತ್ತಿದ್ದಳು. ಹೊಟ್ಟೆ ತುಂಬಿದರೂ ಕೈ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ವಾಂತಿ, ಅಳು, ಮತ್ತೆ ಉಪವಾಸ. ಸಕ್ಕರೆ ಏರುತ್ತಲೇ ಹೋಯಿತು. ಹೀಗೇ ಆದರೆ ಮಗುವಿಗೆ ಅಪಾಯ ಎಂದು ಡಾಕ್ಟರಮ್ಮ ಗದರಿದಾಗಲೂ ಅವಳು ನಾಚಿಕೆಯಿಂದ ಬಾಯಿ ಬಿಡಲಿಲ್ಲ.

ಖಾಲಿ ಪಾತ್ರೆ ಕಂಡು ಅತ್ತೆಯ ತಲೆ ಓಡಿತು, ಓಡಬೇಕಾದ ಕಡೆಗಲ್ಲ. ಹೋದ ವರ್ಷ ತೀರಿಕೊಂಡ ಗಂಡ ಭೋಜ ಶೆಟ್ಟರು ಹಸಿದು ಬರುತ್ತಿದ್ದಾರೆಂದು ತೀರ್ಮಾನಿಸಿಬಿಟ್ಟರು. ಬದುಕಿದ್ದಾಗ ಬಿಪಿ ಎಂದು ಉಪ್ಪು ಮುಟ್ಟಗೊಡದ ಪತಿವ್ರತೆ ಈಗ ದಿನಾ ರಾತ್ರಿ ಬಂಗುಡೆ ಮೀನಿನ ಗಸಿ ಮುಚ್ಚಿಡತೊಡಗಿದರು. ಅದೂ ಖಾಲಿಯಾಯಿತು. ಕೊನೆಗೆ ನೆಂಟರನ್ನೆಲ್ಲ ಕರೆದು, ಹಿರಿಯರಿಗೆ ಬಡಿಸುವ ಏರ್ಪಾಡು ಮಾಡಿದರು.

ಮಧ್ಯಾಹ್ನ ಒಳಕೋಣೆಯಲ್ಲಿ ಎಲೆ ಹಾಕಿ, ಕೋರಿ ರೊಟ್ಟಿ, ಮೀನು, ಪಾಯಸ ಬಡಿಸಿ, ಬಾಗಿಲು ಎಳೆದು ಎಲ್ಲರೂ ಹೊರಗೆ ನಿಂತರು. ಬಸುರಿ ಅತ್ತ ಸುಳಿಯಬಾರದೆಂದು ಅಪ್ಪಣೆಯಾಗಿತ್ತು. ಕೋಳಿ ಸಾರಿನ ಪರಿಮಳ ಮಾತ್ರ ಅಪ್ಪಣೆ ಕೇಳದೆ ಮನೆಯೆಲ್ಲ ಹರಡಿತು. ಹೊಟ್ಟೆಯಲ್ಲಿ ಮಗು ಒದೆಯಿತು. ಸುರಕ್ಷಾಳಿಗೆ ರೇಗಿತು. ಎದ್ದು, ನೆಂಟರ ನಡುವೆಯೇ ನಡೆದು, ಬಾಗಿಲು ದೂಡಿ, ಎಲೆಯ ಮುಂದೆ ಕೂತು ಕೋಳಿಯ ತುಂಡಿಗೆ ಕೈ ಹಾಕಿದಳು.

“ದಿನಾ ರಾತ್ರಿ ತಿಂದದ್ದು ನಾನೇ,” ಎಂದಳು. “ನನಗೆ ಹಸಿವಾಗ್ತದೆ.”

ಅತ್ತೆ ದಡಬಡನೆ ಬಂದು ಅವಳ ಮುಂದೆ ಕುಸಿದು ಕೈಮುಗಿದರು. ಭೋಜಣ್ಣನೇ ಸೊಸೆಯ ಮೈಮೇಲೆ ಬಂದಿದ್ದಾರೆಂದು ಹಿಂದೆ ಯಾರೋ ಪಿಸುಗುಟ್ಟಿದರು. ಉಳಿದವರೂ ಕೈಮುಗಿದರು. ಇವರ ಬುದ್ಧಿಗಿಷ್ಟು ಬೆಂಕಿ ಹಾಕ! ನಾನು ಸುರಕ್ಷಾ, ನಾನೇ ಎಂದು ಅವಳು ಎರಡೆರಡು ಸಲ ಹೇಳಿದಳು. ಯಾರಿಗೂ ಕೇಳಿಸಲಿಲ್ಲ.

ಅತ್ತೆ ಇನ್ನೊಂದು ರೊಟ್ಟಿ ಹಾಕಿ, ಮೇಲೆ ಸಾರು ಸುರಿದು ಕೇಳಿದರು:

“ನಿಮಗೆ ಹೊಟ್ಟೆ ತುಂಬಿತಾ?”

ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಈಗಲೂ ಕೇಳಿದ್ದು ಅವಳನ್ನಲ್ಲ. ಸುರಕ್ಷಾ ಬಾಯಲ್ಲಿದ್ದದ್ದನ್ನು ನುಂಗಿ, ಬೆನ್ನು ನೇರ ಮಾಡಿ, ಅತ್ತೆಯನ್ನು ಮೊದಲ ಸಲ ಹೆಸರು ಹಿಡಿದು ಕರೆದಳು.

“ಸಾಕು, ಶಶೀ. ನಾಳೆಯಿಂದ ಈ ಹುಡುಗಿಗೆ ಹಗಲಿಗೇ ಬಡಿಸು.”

ಆಯಿತು ಎಂದು ಅತ್ತೆ ಹಣೆಯನ್ನು ನೆಲಕ್ಕೆ ಹಚ್ಚಿದರು.