ಚೀಲದಕ್ಕನ ಕೈಗವಸು

"ಬಾಡಿದ ಹೂವನ್ನ ಪ್ಲಾಸ್ಟಿಕ್ ಲೋಟದ ಜೊತೆ ಸುರೀಬೇಡ್ರಪ್ಪ! ಚೀಲದಕ್ಕ ಎದ್ದು ಬಂದು ಕಿವಿ ಹಿಂಡ್ತಾಳೆ," ಎಂದು ಆಸ್ಪತ್ರೆಯ ಕಾಂಪೌಂಡರ್ ಬುಟ್ಟಿ ಕಿತ್ತುಕೊಂಡ. ಚೀಲದಕ್ಕನ ಮನೆಯಲ್ಲಿ ಅವಳ ಶವದ ಸುತ್ತ ಕೂತು ಅಳುತ್ತಿದ್ದವರೂ ನಕ್ಕರು.

ಇಪ್ಪತ್ತಾರು ವರ್ಷ ಆಸ್ಪತ್ರೆಯ ಕಸ ಬೇರ್ಪಡಿಸಿದವಳು ಚೀಲದಕ್ಕ. ರಕ್ತದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ. ತಪ್ಪಿದರೆ ಎಂಥ ದೊಡ್ಡ ಡಾಕ್ಟರಾದರೂ ಸರಿ, ಮುಖದ ನೀರಿಳಿಸುತ್ತಿದ್ದಳು.

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ," ಎಂದ ಅಕ್ಕನ ಮೈದುನ. "ಅತ್ತಿಗೆ ಬರಿಗೈಲಿ ಸೂಜಿ ಚುಚ್ಚಿಸ್ಕೊಂಡಿದ್ದು ಮರೆತ್ರಾ?"

ಚೀಲದಕ್ಕನ ಮಗಳ ಮುಖ ಕೆಂಪೇರಿತು. ಅವಳು ಹಿರಿಯ ನರ್ಸಮ್ಮನ ಕೈ ಹಿಡಿದಳು. "ನೀವು ಅವತ್ತು ಅಲ್ಲೇ ಇದ್ರಿ. ಅಮ್ಮ ನಿಜವಾಗ್ಲೂ ಕೈಗವಸು ಹಾಕಿರ್ಲಿಲ್ವಾ?"

ನರ್ಸಮ್ಮ ಮಲಗಿದ್ದ ಅಕ್ಕನ ಬೆರಳುಗಳತ್ತ ನೋಡಿದಳು.

*

ಹನ್ನೊಂದು ವರ್ಷದ ಹಿಂದೆ, ಊಟಕ್ಕೆ ಓಡುವ ಅವಸರದಲ್ಲಿ, ಬಳಸಿದ ಸೂಜಿಗೆ ಮುಚ್ಚಳ ಹಾಕಿ ಹಳದಿ ಚೀಲಕ್ಕೆ ಎಸೆದವಳು ನರ್ಸಮ್ಮನೇ. ಮುಚ್ಚಳ ಹಾಕಿದ್ದೀನಲ್ಲ, ಇನ್ನೇನಾದೀತು ಎಂಬ ಧೈರ್ಯ. ಅದು ಕಳಚಿತ್ತು. ಚೀಲ ಕಟ್ಟುತ್ತಿದ್ದ ಅಕ್ಕನ ದಪ್ಪ ಕೈಗವಸು ತೂರಿ ಸೂಜಿ ಬೆರಳಿಗಿಳಿಯಿತು. ಆರು ತಿಂಗಳು ಪರೀಕ್ಷೆಯ ಮೇಲೆ ಪರೀಕ್ಷೆ. ಪುಣ್ಯಕ್ಕೆ ಯಾವ ರೋಗವೂ ಅಂಟಲಿಲ್ಲ. ಆದರೆ ವಿಚಾರಣೆಯಲ್ಲಿ ನರ್ಸಮ್ಮ 'ಕೈಗವಸು ಇರಲಿಲ್ಲ' ಎಂದು ಬರೆದುಕೊಟ್ಟಳು. ಅಕ್ಕನಿಗೆ ಬರಬೇಕಿದ್ದ ಮೇಲ್ವಿಚಾರಕಿಯ ಹುದ್ದೆ ತಪ್ಪಿಹೋಯಿತು.

"ಇನ್ಮೇಲೆ ಸೂಜಿಗೆ ಮುಚ್ಚಳ ಹಾಕ್ಬೇಡ ತಾಯಿ, ಹಾಗೇ ಬಿಳಿ ಡಬ್ಬಿಗೆ ಹಾಕ್ಬಿಡು," ಎಂದಷ್ಟೇ ಹೇಳಿದ್ದಳು ಅಕ್ಕ. ಅಯ್ಯೋ, ಬಾಯಿತುಂಬ ಬೈದಿದ್ದರೂ ಇಷ್ಟು ಸುಡುತ್ತಿರಲಿಲ್ಲ!

*

"ವ್ಯಾನ್ ಬಂತು, ಹೊರಡಿ," ಎಂದು ಯಾರೋ ಕೂಗಿದರು.

"ತಾಳಿ!" ನರ್ಸಮ್ಮ ಎದ್ದು ನಿಂತಳು. "ಅಕ್ಕ ಎರಡೂ ಕೈಗೆ ಗವಸು ಹಾಕಿದ್ಲು. ಸೂಜಿ ಎಸೆದೋಳು ನಾನು. ಸುಳ್ಳು ಬರೆದೋಳೂ ನಾನೇ."

ಮಗಳು ಹಿಡಿದಿದ್ದ ಕೈ ಬಿಟ್ಟಳು. ಅವಳ ದನಿ ನಡುಗಲಿಲ್ಲ.

"ಬಾಯಲ್ಲಿ ಹೇಳಿದ್ರೆ ಸಾಲ್ದು. ಆಗ ಬರೆದುಕೊಟ್ರಲ್ಲ, ಈಗ್ಲೂ ಬರ್ಕೊಡಿ."

"ಕೆಲಸಕ್ಕೇ ಸಂಚಕಾರ ಬರುತ್ತೆ, ಯೋಚ್ನೆ ಮಾಡು," ಎಂದು ಕಾಂಪೌಂಡರ್ ಪಿಸುಗುಟ್ಟಿದ.

"ಬಂದ್ರೆ ಬರ್ಲಿ ಬಿಡಿ. ಅಕ್ಕ ಹೊರಡೋಕ್ ಮುಂಚೆ ಬರೀತೀನಿ."

ಹಾಳೆ ಸಿಕ್ಕಿತು, ಪೆನ್ನು ಸಿಕ್ಕಿತು. ಮನೆಯಲ್ಲಿದ್ದ ಒಂದೇ ಮೇಜಿನ ಮೇಲೆ ಅಕ್ಕ ಮಲಗಿದ್ದಳು. ಮಗಳು ಕಣ್ಣೊರೆಸಿಕೊಂಡು, ತಿರುಗಿ, ಬೆನ್ನು ಬಾಗಿಸಿ ನಿಂತಳು. ನರ್ಸಮ್ಮ ಅದರ ಮೇಲೆ ಹಾಳೆಯಿಟ್ಟು ಒತ್ತಿ ಒತ್ತಿ ಬರೆದಳು. ಒಂದೊಂದು ಅಕ್ಷರವೂ ಬೆನ್ನಿಗೆ ತಾಗುತ್ತಿತ್ತು, ಮಗಳು ಅಲುಗಾಡಲಿಲ್ಲ.