ಉಗುಳು ಹಚ್ಚಿದ ಬೆರಳು

ಹನಿಯೊಂದು ಬಿತ್ತು, ಹಳದಿಗೆ ಹಸಿರು ಕೂಡಿದ ಹನಿ, ಈ ಬಣ್ಣವನ್ನು ಇಳಕಲ್ಲಿನ ಯಾವ ಬಣ್ಣಗಾರನೂ ಕುದಿಸಿ ತೆಗೆಯಲಾರ ಎಂದುಕೊಂಡಳು ಗುರುಸಿದ್ದವ್ವ ಮಲಗಿದಲ್ಲೇ, ಮೈಯೆಲ್ಲ ಕೆಂಡ — ಪಕ್ಕೆಯಿಂದ ಹೊರಬಂದ ನಳಿಕೆ, ಮಂಚದ ಕಾಲಿಗೆ ಕಟ್ಟಿದ ಬಾಟಲಿ, ಬಾಟಲಿಯಲ್ಲಿ ತನ್ನದೇ ಪಿತ್ತ, ಕಾಮಣಿಯ ಹಳದಿ ಇಳಿಯಲೆಂದು ಆಪರೇಷನ್ನಿಗೆ ಮೂರು ವಾರ ಮೊದಲೇ ಹಾಕಿದ ನಳಿಕೆ, ಹೊಟ್ಟೆ ಕೊಯ್ದು ಮೇದೋಜೀರಕದ ಗಂಟು ತೆಗೆದು ಐದು ದಿನವಾದರೂ ಹಾಗೇ ಇದೆ, ಗೋಡೆಯ ಮೇಲೆ ಎಂಬತ್ತಮೂರನೇ ಇಸವಿಯ ಕ್ಯಾಲೆಂಡರು, ಹೊಟ್ಟಿ ಕೊಯ್ಸ್ಕೊಂಡಾಕಿ ತಿರುಗಿ ಬರೂದಿಲ್ಲ ಬಿಡ್ರಿ ಅಂದಿದ್ದಳು ನಾದಿನಿ ಬೋರವ್ವ, ಇಡೀ ಓಣಿಗೆ ಕೇಳುವ ಹಾಗೆ, ಬರ್ತೇನಿ ನೋಡವಾ, ಬಂದು ಮಗ್ಗದ ಮ್ಯಾಲಿನ ಸೀರಿ ಮುಗಿಸಿ ನಿನಗ ಉಡಿಸ್ತೇನಿ ಅಂದು ಬಾಗಲಕೋಟೆಯ ಈ ಆಸ್ಪತ್ರೆಗೆ ಬಸ್ಸು ಹತ್ತಿದವಳು ಇವಳು, ಬರದೆ ಬಿಡುತ್ತಾಳೆಯೇ, ಜ್ವರಕ್ಕೆಲ್ಲ ಹೆದರುವ ಜೀವವೇ ಇದು.

ಡಾಕ್ಟರು ಬಂದು ಗಾಯದ ಬಟ್ಟೆ ಬಿಚ್ಚಿಸಿದರು, ಕೀವಿನ ನಾತ ಅವಳ ಮೂಗಿಗೇ ಹೊಡೆಯಿತು, ಡಾಕ್ಟರ ಕೈಯಲ್ಲೊಂದು ಕಾಗದ, ಆಪರೇಷನ್ ದಿನ ತಗದ ಪಿತ್ತದಾಗ ಕ್ರಿಮಿ ಬೆಳೆದಾವ, ಗಾಯದ ಕೀವಿನಾಗೂ ಅವ ಅದಾವ, ಈಗ ಕೊಡೂ ಇಂಜೆಕ್ಷನ್ನಿಗೆ ಅವು ಸಾಯೂದಿಲ್ಲ, ಬ್ಯಾರೆ ತರಸೇನಿ — ಅನ್ನುತ್ತಲೇ ನರ್ಸ್ ಮಲಿಕಾಳ ಕಡೆ ತಿರುಗಿದರು, ನಳಿಗಿ ಜೋಡಣಿ ಮುಟ್ಟೂ ಮುಂಚೆ ಕೈ ತೊಳಕೋರಿ ಅಂತ ಎಷ್ಟ ಸಲ ಹೇಳಬೇಕು ನಿಮಗ, ನಾಳಿಂದ ಈ ಕೆಲಸಕ್ಕ ಬರಬ್ಯಾಡ್ರಿ. ಮಲಿಕಾ ಗಾಯಕ್ಕೆ ಹೊಸ ಬಟ್ಟೆ ಸುತ್ತತೊಡಗಿದಳು. ಸಾಬೂನು ಹಚ್ಚಿ ಹಚ್ಚಿ ಬೆರಳ ಸಂದುಗಳೆಲ್ಲ ಬಿರಿದ ಹೆಣ್ಣು, ಹುನಗುಂದದಲ್ಲಿ ಇವಳ ಪಗಾರದ ಮೇಲೇ ಬದುಕುವ ತಾಯಿಯಿದ್ದಾಳೆ, ಇವಳು ಕೈ ತೊಳೆಯಲಿಲ್ಲವೇ? ತೊಳೆಯದ ಕೈ ಯಾರದು, ಹೇಳಲೇ ಗುರುಸಿದ್ದವ್ವ, ನಿನಗೆ ಗೊತ್ತಿಲ್ಲವೇ? ಆವತ್ತು ಮುಂಜಾನೆ, ಆಪರೇಷನ್ನಿಗೆ ಇನ್ನೂ ಹತ್ತು ದಿನವಿದ್ದಾಗ, ಬಾಟಲಿಗೆ ಹೋಗುವ ನಳಿಕೆಯ ಜೋಡಣೆ ಜಾರಿ ಹಾಸಿಗೆಯೆಲ್ಲ ಪಿತ್ತ, ಕರೆದರೆ ಯಾರೂ ಇಲ್ಲ, ಕೈಗೆ ಯಾರನ್ನು ಕೇಳಬೇಕಾಗಿದೆ, ಎಂಟು ವರ್ಷದವಳಿದ್ದಾಗಿನಿಂದ ಮಗ್ಗದಲ್ಲಿ ಹರಿದ ಎಳೆ ಕಂಡರೆ ಎರಡು ಬೆರಳು ನಾಲಿಗೆಗೆ ಹೋಗುತ್ತವೆ, ಉಗುಳು ಹಚ್ಚಿ ಹೊಸೆದರೆ ಆಯಿತು, ಹಾಗೇ ನಳಿಕೆಯ ಬಾಯಿಗೂ ಹಚ್ಚಿದಳು, ತಿರುವಿ ಒತ್ತಿದಳು, ನಿಂತಿತು, ಎರಡು ದಿನ ಬಿಟ್ಟು ಮತ್ತೊಮ್ಮೆ, ಎಷ್ಟು ಹೆಮ್ಮೆ ಆಗ, ನೇಕಾರತಿಯ ಕೈ ಅಂದರೆ ಸುಮ್ಮನೆಯೇ ಅಂತ. ಈಗ ಬಾಯಿ ಬಿಟ್ಟರೆ ಹೊರಗೆ ಬೆಂಚಿನ ಮೇಲೆ ಕೂತ ಗಂಡ ಹೊಳಬಸಪ್ಪ ಊರಿಗೆಲ್ಲ ಸಾರುತ್ತಾನೆ, ಬೋರವ್ವ ನಗುತ್ತಾಳೆ, ತನ್ನ ಉಗುಳಿನಿಂದ ತಾನ ಸತ್ತಳು ಅಂತ, ಸುಮ್ಮನಿದ್ದರೆ — ಸುಮ್ಮನಿದ್ದರೆ ಈ ಹೆಣ್ಣಿನ ಅನ್ನ ಹೋಗುತ್ತದೆ. ಥೂ ನಿನ್ನ ಬಾಳಿಗಿಷ್ಟು, ನೀನು ನೇಯ್ದ ಸೀರೆಯಲ್ಲಿ ಎಳೆ ತಪ್ಪಿದರೆ ಯಾವತ್ತಾದರೂ ಇನ್ನೊಬ್ಬರ ಹೆಸರು ಹೇಳಿದ್ದೀಯಾ?

ಡಾಕ್ಟರ, ಆಕಿನ್ಯಾಕ ಬೈತೀರಿ, ನಾನ ಮಾಡೇನಿ. ಏನ ಮಾಡೀರಿ? ಕಳಚಿದ್ದನ್ನ ಉಗುಳು ಹಚ್ಚಿ ಜೋಡಿಸೇನಿ, ಎರಡ ಸಲ, ಬೈಯೂದಿದ್ರ ನನ್ನ ಬೈರಿ. ಡಾಕ್ಟರು ಕಾಗದ ಮಡಚಿದರು. ಅದರಿಂದನ ಬಂದ್ವು ಅನ್ನಾಕ ಬರೂದಿಲ್ಲವಾ, ನಳಿಗಿ ಇಷ್ಟ ದಿನ ಒಳಗಿದ್ರ ಕ್ರಿಮಿ ಹೆಂಗಾರ ಸೇರ್ತಾವ, ಆದ್ರ ಆವತ್ತ ಹೇಳಬೇಕಿತ್ತು ಅಂದರು, ಕನ್ನಡಕ ಒರೆಸಿಕೊಂಡರು, ಸಿಸ್ಟರ್ ಹೊಸಾ ಇಂಜೆಕ್ಷನ್ ನೀವ ಹಾಕ್ರಿ, ನಾಳೆನೂ ನೀವ — ತಪ್ಪಾಯಿತು ಎನ್ನಲು ದೊಡ್ಡವರ ನಾಲಿಗೆ ಹೊರಳುವುದಿಲ್ಲ, ಹೋಗಲಿ. ಇದಕ್ಕರ ಸಾಯ್ತಾವೇನ್ರಿ ಅವು? ನೋಡೂಣು. ನೋಡೂದೇನ್ರಿ, ಸಾಯಬೇಕು, ನಾನಂತೂ ಸಾಯಂಗಿಲ್ಲ, ಎಂದಳು, ಹಲ್ಲು ಕಟಕಟ ನಡುಗುತ್ತಿದ್ದವು, ಸೂಜಿ ಇಳಿಯಿತು, ಉರಿ ತೋಳಿನಿಂದ ಎದೆಗೆ, ಎದೆಯಿಂದ ಜ್ವರದ ಮಂಪರಿನಲ್ಲಿ ಕಂಡ ಮಗ್ಗಕ್ಕೆ, ಅಲ್ಲೊಂದು ಎಳೆ ಹರಿದಿದೆ, ನೋಡಲ್ಲಿ, ಕೆಂಪೆಳೆ, ಎರಡು ಬೆರಳು ತಾವಾಗೇ ಎದ್ದವು, ತುಟಿಯ ತನಕ — ಬ್ಯಾಡವಾ, ಮಲಿಕಾ ಗಪ್ಪನೆ ಹಿಡಿದಳು, ಬಿರಿದ ಮುಷ್ಟಿಯೊಳಗೆ ಎರಡು ಬೆರಳು, ಬಿಡಿಸಿಕೊಳ್ಳಲು ನೋಡಿದಳು ಗುರುಸಿದ್ದವ್ವ, ಮಲಿಕಾ ಬಿಡಲಿಲ್ಲ, ಎರಡು ಬೆರಳು, ಆ ಮುಷ್ಟಿಯೊಳಗೆ, ಎರಡು ಬೆರಳು