ಶಿವಗಂಗವ್ವನ ಕಷಾಯ

ಗುಡಗೇರಿ ಸ್ಟೇಶನ್ನಿನ ಹತ್ತಿರದ ರೈಲ್ವೆ ಗೇಟಿನಲ್ಲಿ ಒಂದು ಚಕ್ಕಡಿ ನಿಂತಿತ್ತು. ಗೇಟಿನ ಈಚೆಯೂ ಅಲ್ಲ, ಆಚೆಯೂ ಅಲ್ಲ, ನಟ್ಟನಡುವೆ ಹಳಿಯ ಮೇಲೆ. ಚಕ್ಕಡಿಯ ತುಂಬ ಜೋಳದ ಚೀಲ, ಚೀಲದ ಮೇಲೆ ಅದರ ಒಡೆಯ ಹೊಳೆಪ್ಪ, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ. ಎತ್ತುಗಳು ಪಾಪ, ನಡೆ ಎನ್ನುವವರಿಲ್ಲದೆ ಮೆಲುಕು ಹಾಕುತ್ತ ನಿಂತಿದ್ದವು. ದೂರದಲ್ಲಿ ರೈಲಿನ ಹೊಗೆ ಕಾಣುತ್ತಿತ್ತು. ಗೇಟು ಹಾಕಲು ಬಂದ ಫಕ್ರುಸಾಬ ಓಡಿಹೋಗಿ ಎತ್ತುಗಳ ಹಗ್ಗ ಹಿಡಿದು ಎಳೆದು ಆಚೆ ದಾಟಿಸಿದ. ರೈಲು ಹಾದುಹೋದ ಸದ್ದಿಗೆ ನೆಲ ನಡುಗಿತು. ಹೊಳೆಪ್ಪ ಮಗ್ಗುಲು ಬದಲಿಸಿದ, ಅಷ್ಟೇ.

ಫಕ್ರುಸಾಬ ಮನೆಯವರೆಗೂ ಚಕ್ಕಡಿ ಹೊಡೆದುಕೊಂಡು ಬಂದು, ಹೊಳೆಪ್ಪನ ತಾಯಿ ಶಿವಗಂಗವ್ವನನ್ನು ಹೊರಗೆ ಕರೆದ. ಮಗ ದಣಿದಿದ್ದಾನೆ ಎಂದಳು ಆಕೆ.

"ದಣಿವಲ್ಲ ಅಕ್ಕಾ, ಅಫೀಮು," ಎಂದ ಫಕ್ರುಸಾಬ. "ಇವತ್ತ ನಾ ಇದ್ದೆ. ನಾಳೆ ಬ್ಯಾರೇದಾಂವನ ಪಾಳಿ ಇರತೈತಿ."

ಅಫೀಮು ಎಂಬುದು ಆಕೆಗೆ ಗೊತ್ತಿರದ ಮಾತಲ್ಲ. ಚೀಲ ಹೊತ್ತು ಹೊತ್ತು ಹೊಳೆಪ್ಪನ ಸೊಂಟ ಹಿಡಿದಾಗ ಯಾರೋ ಗೆಳೆಯ ಕೊಟ್ಟ ಒಂದು ಗುಳಿಗೆಯಿಂದ ಶುರುವಾಗಿತ್ತು. ಸೊಂಟದ ನೋವು ಯಾವಾಗಲೋ ಹೋಯಿತು, ಗುಳಿಗೆ ಮಾತ್ರ ಉಳಿಯಿತು. ಶಿವಗಂಗವ್ವ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು, ಆಣೆ ಹಾಕಿಸಿದಳು. ಹೊಳೆಪ್ಪ ಪ್ರತಿ ಆಣೆಯನ್ನೂ ಅಳುತ್ತಲೇ ಮಾಡಿ, ಅಳುತ್ತಲೇ ಮುರಿದ. ಸೊಸೆ ಗುರವ್ವ ಗಂಡ ಬರುವ ಹೊತ್ತಿಗೆ ಹೊಸ್ತಿಲಲ್ಲಿ ಕೂತು ಗೇಟಿನ ಕಡೆ ಕಿವಿ ಕೊಡುವುದನ್ನು ರೂಢಿ ಮಾಡಿಕೊಂಡಳು. ಆ ಮನೆಯಲ್ಲಿ ಈಗ ರೈಲಿನ ಸೀಟಿ ಕೇಳಿದರೆ ಯಾರೂ ಉಸಿರು ಬಿಡುತ್ತಿರಲಿಲ್ಲ.

ಸ್ಟೇಶನ್ ರಸ್ತೆಯಲ್ಲಿ ಸಮಾಧಾನಪ್ಪ ಎಂಬ ಕ್ರೈಸ್ತ ಟೇಲರ್ ಇದ್ದ. ಹೇಳಿದ ದಿನಕ್ಕೆ ಅಂಗಿ ಕೊಟ್ಟ ದಾಖಲೆ ಅವನ ಹೆಸರಿನಲ್ಲಿಲ್ಲ. ಆದರೆ ಒಂದು ಕಾಲಕ್ಕೆ ಅವನೂ ಅಫೀಮಿನವನೇ, ಪ್ರಾರ್ಥನೆಗೆ ಕೂತ ಮೇಲೆ ಬಿಟ್ಟವನು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವನ ಮನೆಯಲ್ಲಿ ಭಾನುವಾರ ನಾಲ್ಕಾರು ಜನ ಕೂಡಿ ಯೇಸುಸ್ವಾಮಿಯನ್ನು ಪ್ರಾರ್ಥಿಸುತ್ತಿದ್ದರು. ಗುರವ್ವ ಅಲ್ಲಿಗೆ ಹೋಗೋಣ ಎಂದಾಗ ಶಿವಗಂಗವ್ವ ಸಿಡಿದಳು. ತಲೆತಲಾಂತರದಿಂದ ಲಿಂಗ ಕಟ್ಟಿದ ಮನೆ, ನಾಳೆ ಅವರು ಅದನ್ನೇ ಬಿಚ್ಚಿಡಿ ಅಂದರೆ ಏನು ಗತಿ ಎಂದಳು. ಕೊನೆಗೆ ಆ ಮಾತನ್ನು ಸಮಾಧಾನಪ್ಪನ ಎದುರಿಗೇ ಕೇಳಿದಳು. ಅವನು ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆ ಹೇಳಿದ.

"ಅವನ ಕೊಳ್ಳಾಗ ಏನೈತಿ ಅಂತ ನಾ ನೋಡಾಂವಲ್ಲ ಅಕ್ಕಾ. ಕಿಸೇದಾಗ ಏನೈತಿ ಅಂತ ಅಷ್ಟ ನೋಡಾಂವ. ಉಳಿದದ್ದು ಅವಂಗೂ ದೇವರಿಗೂ ಬಿಟ್ಟದ್ದು."

ಹೊಳೆಪ್ಪ ಹೋದ. ಹಳಿಯ ಸಂಗತಿ ಕೇಳಿ ಅವನೂ ಹೆದರಿದ್ದ. ಪ್ರಾರ್ಥನೆ ಮುಗಿದ ಮೇಲೆ ಕಿಸೆಯ ಪೊಟ್ಟಣ ತೆಗೆದು ತಾನೇ ಒಲೆಗೆ ಹಾಕಿದ. ಡಾಕ್ಟರರಿಗೂ ಒಮ್ಮೆ ತೋರಿಸು, ಮೈ ಮುರಿಯುತ್ತದೆ, ಸುಮ್ಮನಿರುವುದಿಲ್ಲ ಎಂದು ಸಮಾಧಾನಪ್ಪ ಹೇಳಿ ಕಳಿಸಿದ. ಆ ಮಾತು ಯಾರ ಕಿವಿಗೂ ಹೋಗಲಿಲ್ಲ.

ಮರುದಿನ ಮೈ ಮುರಿಯಿತು. ಆಕಳಿಕೆ, ಬೆವರು, ವಾಂತಿ, ಭೇದಿ. ಕಾಲು ಸೆಳೆತಕ್ಕೆ ಹೊಳೆಪ್ಪ ಕೌದಿಯ ಮೇಲೆ ಹೊರಳಾಡಿದ. ಶಿವಗಂಗವ್ವನಿಗೆ ಅದನ್ನು ನೋಡಲಾಗಲಿಲ್ಲ. ಚಕ್ಕಡಿಯ ಹುಲ್ಲಿನಡಿ ಮಗ ಬಚ್ಚಿಟ್ಟಿದ್ದ ಅಫೀಮಿನ ಉಂಡೆ ಆಕೆಗೆ ಹಿಂದೆಯೇ ಸಿಕ್ಕಿತ್ತು. ಎಸೆಯಬೇಕೆಂದು ತೆಗೆದಿಟ್ಟು ಎಸೆದಿರಲಿಲ್ಲ. ಆ ಸೀಮೆಯಲ್ಲಿ ಹತ್ತಿ ಬಿಡಿಸಲು ಹೋಗುವ ತಾಯಂದಿರು ಅಳುವ ಕೂಸಿಗೆ ಸಾಸಿವೆ ಕಾಳಿನಷ್ಟು ಅಫೀಮು ನೆಕ್ಕಿಸಿ ಮಲಗಿಸುವುದುಂಟು. ಹೊಳೆಪ್ಪನನ್ನೂ ಹಾಗೆಯೇ ಬೆಳೆಸಿದ್ದಳು. ಕೂಸು ಅಳುತ್ತಿದೆ, ಕೈಗೆ ದಾರಿ ಗೊತ್ತಿದೆ. ಈ ಸಲ ಕಡಲೆ ಕಾಳಿನಷ್ಟು ತೆಗೆದು ಬೇವಿನ ಚಕ್ಕೆಯ ಕಷಾಯದಲ್ಲಿ ಕರಗಿಸಿ ಕುಡಿಸಿದಳು. ಬೇವಿನ ಕಹಿಯಲ್ಲಿ ಆ ಕಹಿ ಅಡಗಿತು. ಹೊಳೆಪ್ಪ ಶಾಂತನಾಗಿ ಮಲಗಿದ.

ಅಲ್ಲಿಂದ ದಿನಾ ಕಷಾಯ. ಹೊಳೆಪ್ಪ ಪ್ರಾರ್ಥನೆ ಫಲಿಸಿತು ಎಂದ. ಗುರವ್ವ ಹಾಗೆಯೇ ನಂಬಿದಳು. ಓಣಿಯವರು ಬೆರಗಾದರು. ಉಂಡೆ ಮಾತ್ರ ಸವೆಯುತ್ತ ಬಂತು, ಮತ್ತು ಅದು ಮುಗಿದ ದಿನ ಏನು ಎಂಬ ಯೋಚನೆ ಶಿವಗಂಗವ್ವನೊಬ್ಬಳನ್ನೇ ತಿನ್ನುತ್ತಿತ್ತು.

ಮುಂದಿನ ಭಾನುವಾರ ಸಮಾಧಾನಪ್ಪನ ಮನೆಯಲ್ಲಿ ಹೊಳೆಪ್ಪ ಸಾಕ್ಷಿ ಹೇಳಲು ಎದ್ದು ನಿಂತ. ತನಗಾದ ಒಳಿತನ್ನು ನಾಲ್ಕು ಜನರ ಮುಂದೆ ಹೇಳುವುದು ಅಲ್ಲಿಯ ಪದ್ಧತಿ. ಶಿವಗಂಗವ್ವ ಬಾಗಿಲ ಬಳಿ ಕೂತಿದ್ದಳು. ಪಕ್ಕದಲ್ಲಿ ಫಕ್ರುಸಾಬನ ತಂಗಿ ಜಮಾಲಬಿ. ಅವಳ ಗಂಡನಿಗೂ ಅದೇ ಚಟ, ಏನಾದರೂ ದಾರಿ ಇದೆಯೇ ಎಂದು ಕೇಳಲು ಬಂದಿದ್ದಳು. ಹೊಳೆಪ್ಪ ಅವಳ ಕಡೆ ತಿರುಗಿ ಹೇಳಿದ.

"ಒಂದ ದಿನ ತಡಕೊಂಡ್ರ ಸಾಕವ್ವಾ. ನನಗ ಸ್ವಾಮಿ ಒಂದ ದಿನದಾಗ ಬ್ಯಾನಿ ತಗದ. ನಿನ್ನ ಗಂಡಗೂ ತಗೀತಾನ."

ಜಮಾಲಬಿಯ ಕಣ್ಣು ತುಂಬಿತು. ಶಿವಗಂಗವ್ವ ಅದನ್ನು ನೋಡಿದಳು. ಈ ಹೆಣ್ಣುಮಗಳು ಮನೆಗೆ ಹೋಗುತ್ತಾಳೆ, ಒಂದು ದಿನ ಕಾಯುತ್ತಾಳೆ. ನೋವು ಹೋಗುವುದಿಲ್ಲ. ದೇವರು ಹೊಳೆಪ್ಪನ ಮಾತು ಕೇಳಿದ, ತನ್ನದು ಕೇಳಲಿಲ್ಲ ಎಂದುಕೊಂಡು ಸುಮ್ಮನಾಗುತ್ತಾಳೆ. ಇಷ್ಟು ಹೊಳೆದ ಮೇಲೆ ಶಿವಗಂಗವ್ವನಿಗೆ ಕೂತಿರಲಾಗಲಿಲ್ಲ.

"ಸುಳ್ಳ ಐತಿ ತಂಗಿ," ಎಂದಳು ಎದ್ದು. "ಅವನ ಬ್ಯಾನಿ ತಗದಾಕಿ ನಾನು. ಕಷಾಯದಾಗ ಅಫೀಮ ಹಾಕಿ ಕುಡಿಸೀನಿ."

ಗುರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹೊಳೆಪ್ಪ ಕೆಳಗೆ ಕೂತ. ತಾಯಿಯನ್ನು ಬೈಯಲಿಲ್ಲ. ಸಮಾಧಾನಪ್ಪನ ಕಡೆ ತಿರುಗಿ ಕೇಳಿದ.

"ಹಂಗಾರ ನನ್ನ ಪ್ರಾರ್ಥನಾ ಏನ್ ಮಾಡಿತ್ರಿ?"

"ನಿಮ್ಮವ್ವನ ಬಾಯಿ ತೆರಸ್ತು," ಎಂದ ಸಮಾಧಾನಪ್ಪ. "ಇಷ್ಟ ಮಂದಿ ಮುಂದ ಖರೆ ಹೇಳೂದು ಸಣ್ಣ ಕೆಲಸ ಅಂತ ತಿಳದಿಯೇನು? ಈಗ ಹುಬ್ಬಳ್ಳಿ ಡಾಕ್ಟರ ಕಡೆ ಹೋಗೂಣು ನಡಿ."

ಶಿವಗಂಗವ್ವನೂ ಜೊತೆಗೆ ಹೊರಟಳು. ದಾರಿಯುದ್ದಕ್ಕೂ ಸಮಾಧಾನಪ್ಪ ತನ್ನದೇ ಕಥೆ ಹೇಳಿದ. ಯೇಸು ತನ್ನ ನೋವನ್ನು ತೆಗೆಯಲಿಲ್ಲ, ನೋವಿನಲ್ಲಿ ಜೊತೆಗೆ ಕೂತ ಎಂದ. ಕೈ ಕಿಸೆಗೆ ಹೋಗುವ ಹೊತ್ತಿಗೆ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಿತ್ತು, ಅದು ಸಿಕ್ಕಿತು ಎಂದ. ಹುಬ್ಬಳ್ಳಿಯ ಡಾಕ್ಟರರು ಹೊಳೆಪ್ಪನನ್ನು ಪರೀಕ್ಷಿಸಿ ಔಷಧ ಕೊಟ್ಟರು. ಗಂಜಿ, ಮಜ್ಜಿಗೆ, ನೀರು ಬಿಡದೆ ಕುಡಿಸಿ ಎಂದರು. ಮತ್ತೆ ತೋರಿಸಲು ಯಾವಾಗ ಬರಬೇಕೆಂದೂ ತಿಳಿಸಿದರು. ಒಂದು ಮಾತನ್ನು ಶಿವಗಂಗವ್ವನಿಗೆ ಎರಡು ಸಲ ಹೇಳಿದರು. ಕೆಲವು ದಿನ ಬಿಟ್ಟವನು ಮತ್ತೆ ಹಳೆಯ ಅಳತೆಯಲ್ಲಿ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು, ಕರುಣೆಯಿಂದ ಕೂಡ ಕೊಡಬೇಡಿ ಎಂದರು. ಕೂಸಿಗೆ ನೆಕ್ಕಿಸುವ ಮಾತು ಕೇಳಿ ತಲೆ ಚಚ್ಚಿಕೊಂಡರು. ಹಾಗೆ ಮಲಗಿದ ಎಷ್ಟೋ ಕೂಸುಗಳು ಏಳುವುದೇ ಇಲ್ಲ ಎಂದರು.

ಉಳಿದ ಉಂಡೆಯನ್ನು ಶಿವಗಂಗವ್ವ ಗುರವ್ವನ ಕಣ್ಣೆದುರೇ ಒಲೆಗೆ ಹಾಕಿದಳು. ಆಮೇಲಿನ ದಿನಗಳು ಹೇಗಿದ್ದವು ಎಂದು ವಿವರಿಸುವುದು ಬೇಡ. ಔಷಧದಿಂದ ನೋವು ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಹೊಳೆಪ್ಪ ತಾಯಿಯ ಕಾಲು ಹಿಡಿದುಕೊಂಡ.

"ಸಾಸಿವಿ ಕಾಳಿನಷ್ಟ ಕೊಡ ಬೇ. ಅಷ್ಟ ಸಾಕು."

ಸಮಾಧಾನಪ್ಪ ಅಂಗಡಿ ಮುಚ್ಚಿ ಬಂದು ಪಕ್ಕದಲ್ಲೇ ಕೂತಿದ್ದ. ಶಿವಗಂಗವ್ವ ಅವನ ಮುಖ ನೋಡಿದಳು, ಮಗನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ತನಗೆ ಬಂದ ಹಾಗೆ, ಕೇಳುವ ದೇವರಿಗೆ ಕೇಳಿಸುವಷ್ಟು ದನಿಯಲ್ಲಿ ಅಂದಳು.

"ಯೇಸಪ್ಪಾ, ನನಗ ನಿನ್ನ ಪದ್ಧತಿ ಗೊತ್ತಿಲ್ಲ. ಅವನ ಬ್ಯಾನಿ ತಗೀ ಅಂತ ಕೇಳೂದಿಲ್ಲ. ನನ್ನ ಕೈ ಹಿಡಿ. ಈ ಕೈ ಎಲ್ಲಿಂದರ ತಂದು ಕೊಟ್ಟು ಬಿಡತೈತಿ."

ಆ ಕೈ ಕೊಡಲಿಲ್ಲ. ಅದು ಮಗನ ಕಾಲು ಒತ್ತಿತು, ಬೆವರು ಒರೆಸಿತು, ಗಂಜಿ ಕುಡಿಸಿತು. ಹೊಳೆಪ್ಪ ತಾನೂ ಅದೇ ಪ್ರಾರ್ಥನೆ ಹೇಳಿಕೊಳ್ಳತೊಡಗಿದ. ದಿನ ಕಳೆದಂತೆ ಸೆಳೆತ ಇಳಿಯಿತು, ಅನ್ನ ರುಚಿಸಿತು. ಆಸೆ ಮಾತ್ರ ಆಗಾಗ ಬಂದು ಬಾಗಿಲು ತಟ್ಟಿತು. ಅಂಥ ಹೊತ್ತಿಗೆ ಹೊಳೆಪ್ಪ ಎದ್ದು ಟೇಲರನ ಅಂಗಡಿಗೆ ಹೋಗಿ ಕೂಡುತ್ತಿದ್ದ. ಸಮಾಧಾನಪ್ಪ ಯಂತ್ರ ನಿಲ್ಲಿಸಿ ಅವನ ಜೊತೆ ಪ್ರಾರ್ಥಿಸುತ್ತಿದ್ದ. ಜನರ ಅಂಗಿ ಇನ್ನಷ್ಟು ತಡವಾದವು.

ಈಗ ಒಂದು ವರ್ಷ ಕಳೆದಿದೆ. ಹೊಳೆಪ್ಪ ತನ್ನನ್ನು ಬಿಡಿಸಿದವನು ಯೇಸುಸ್ವಾಮಿ ಎಂದೇ ಹೇಳುತ್ತಾನೆ, ನೋವಿನ ದಿನಗಳನ್ನು ಬಿಡದೆ ಸೇರಿಸಿ ಹೇಳುತ್ತಾನೆ. ಅದನ್ನು ಕೇಳಿದ ಮೇಲೆಯೇ ಜಮಾಲಬಿ ಗಂಡನನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಗೇಟಿನಲ್ಲಿ ಫಕ್ರುಸಾಬ ಇವತ್ತಿಗೂ ಚಕ್ಕಡಿ ನಿಲ್ಲಿಸಿ, ಎಚ್ಚರ ಇದ್ದೀಯೇನಪ್ಪಾ ಎಂದು ಕೇಳಿಯೇ ಬಿಡುತ್ತಾನೆ.

ಮೊನ್ನೆ ನೆಗಡಿ ಬಂದು ಹೊಳೆಪ್ಪ ಕಷಾಯ ಕೇಳಿದ. ಅದೇ ಒಲೆ, ಅದೇ ಬೇವಿನ ಚಕ್ಕೆ. ಶಿವಗಂಗವ್ವ ಬಟ್ಟಲು ತಂದು, ಮಗನ ಎದುರು ತಾನೇ ಮೊದಲು ಒಂದು ಗುಟುಕು ಕುಡಿಯಲು ಹೋದಳು. ಹೊಳೆಪ್ಪ ಅವಳ ಕೈ ಹಿಡಿದ.

"ಬ್ಯಾಡ ಬೇ. ಕೊಡು, ನಾ ನಂಬೀನಿ."

ಗಟಗಟನೆ ಕುಡಿದು ಬಟ್ಟಲು ಬೋರಲು ಹಾಕಿದ. ಶಿವಗಂಗವ್ವ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಇದನ್ನು ಓದುತ್ತಿರುವ ಅಕ್ಕ, ಅವ್ವ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಹೊಳೆಪ್ಪ ಇದ್ದರೆ ಮುಚ್ಚಿಡಬೇಡಿ, ಬೈದು ಹೊರಗೂ ಹಾಕಬೇಡಿ. ಡಾಕ್ಟರರಿಗೆ ತೋರಿಸಿ. ನೋವು ಬರುತ್ತದೆ ಎಂದು ಅವನಿಗೆ ಮೊದಲೇ ಹೇಳಿ, ಬಂದಾಗ ಪಕ್ಕದಲ್ಲಿ ಕೂತು ಪ್ರಾರ್ಥಿಸಿ. ಕೂಸಿಗೆ ಸಾಸಿವೆ ಕಾಳಿನಷ್ಟೂ ಅಫೀಮು ನೆಕ್ಕಿಸಬೇಡಿ. ಅವನನ್ನು ಬಿಡಿಸು ಎಂದು ಯೇಸುವನ್ನು ಬೇಡುವಾಗ, ನಮ್ಮ ಕೈಯನ್ನೂ ಹಿಡಿ ಎಂದು ಬೇಡಿಕೊಳ್ಳಿ. ಯಾರ ಹತ್ತಿರ ಹೋಗಬೇಕೆಂದು ತಿಳಿಯದಿದ್ದರೆ, ಈ ಹಾಳೆ ಕೊಟ್ಟವರನ್ನೇ ಇವತ್ತು ಕೇಳಿ.